ಶಿಬಿರ ಎತ್ತಿದ ಮೇಲೆ ನಿನ್ನ ಕೆಲಸ

ನಿನಗೆ ಮಡಿಕೇರಿ ತಾಲ್ಲೂಕಿನ ಪಿಎಚ್‌ಸಿಗೆ ಪೋಸ್ಟಿಂಗ್ ಆಯಿತು ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ದನಿಯಲ್ಲಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಿತ್ತು. 'ಗುಡ್ಡ ಜಾರುವ ಊರು ಮಾರಾಯ, ಅಲ್ಲಿ ಇವಳೊಬ್ಬಳೇ ಏನು ಮಾಡ್ತಾಳೆ' ಅಂದ. ಮಳೆ, ಜಿಗಣೆ, ಸೋರುವ ಕ್ವಾರ್ಟರ್ಸು, ಇವುಗಳ ವಿಚಾರದಲ್ಲಿ ಅವನಿಗೆ ಧೈರ್ಯ ಹೇಳಿದ್ದೇನೆ. ನಿನಗೆ ಹೇಳಬೇಕಾದದ್ದು ಬೇರೆ ಇದೆ. ಮೊದಲು ಪಿಎಚ್‌ಸಿ ಡಾಕ್ಟರಾಗಿ, ಆಮೇಲೆ ಮನೋವೈದ್ಯನಾಗಿ ಸರ್ಕಾರದ ಜೀಪಿನಲ್ಲಿ ಊರೂರು ತಿರುಗಿದವನ ಮಾತು ಅಂತ ಕೇಳಿಸಿಕೋ. ಒಪ್ಪಿಗೆಯಾಗದಿದ್ದರೆ ಬಿಡು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ ಕಡೆ ಬೆಟ್ಟಗಳು ಕುಸಿದಾಗ ನೀನು ಪಿಯುಸಿ ಓದುತ್ತಿದ್ದೆ. ಮರುವರ್ಷ ತೋರ ಎಂಬ ಊರಿನಲ್ಲಿ ಆಯಿತು. 2020ರಲ್ಲಿ ತಲಕಾವೇರಿಯ ಪಕ್ಕದ ಗುಡ್ಡವೇ ಕುಸಿಯಿತು. 2024ರ ಜುಲೈ 30ರಂದು ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋದವು. ಸತ್ತವರಲ್ಲಿ ಅಲ್ಲಿಗೆ ದುಡಿಯಲು ಹೋಗಿದ್ದ ನಮ್ಮ ಕಡೆಯವರೂ ಇದ್ದರು. ಇಷ್ಟನ್ನೂ ಕಂಡ ಸೀಮೆಗೆ ನೀನು ಹೋಗುತ್ತಿದ್ದೀಯ. ನಿನ್ನ ಒಪಿಡಿಗೆ ಬರುವ ಅಜ್ಜಿ ಮಂಡಿನೋವು ಅಂತಲೇ ಬರುತ್ತಾಳೆ. ಆ ಅಜ್ಜಿಯ ಮನೆ ಎಲ್ಲಿತ್ತು, ಈಗ ಎಲ್ಲಿದೆ ಅಂತ ಒಂದು ಸಲ ಕೇಳು. ಮಂಡಿಯ ಜೊತೆಗೆ ಇನ್ನೇನು ನೋಯುತ್ತಿದೆ ಎಂಬುದು ತಾನಾಗಿ ಬರುತ್ತದೆ.

ಮತ್ತೆ ಅಂಥದ್ದು ಆದರೆ ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಮೊದಲ ಹದಿನೈದು ದಿನ ಕಲ್ಯಾಣ ಮಂಟಪ, ಶಾಲೆ, ಸಮಾಜದ ಹಾಲ್ ಎಲ್ಲವೂ ಶಿಬಿರ. ಅಕ್ಕಿ ಬರುತ್ತದೆ, ಕಂಬಳಿ ಬರುತ್ತದೆ, ಮಂತ್ರಿಗಳು ಬರುತ್ತಾರೆ. ಆಪ್ತಸಮಾಲೋಚಕರ ತಂಡಗಳು, ಪ್ರಶ್ನಾವಳಿ ಹಿಡಿದ ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಹಳಿಯಬೇಡ, ಅವರಲ್ಲಿ ನಿಜವಾಗಿ ಕೆಲಸ ಬಲ್ಲವರಿರುತ್ತಾರೆ. ಆದರೆ ಅವರು ಹೊರಟು ಹೋಗುತ್ತಾರೆ. ಜನಕ್ಕೆ ನಿದ್ದೆ ಕೆಡುವುದು, ಕುಡಿತ ಹೆಚ್ಚುವುದು, ಬದುಕು ಸಾಕೆನಿಸುವುದು ಬಹುಪಾಲು ಶಿಬಿರ ಎತ್ತಿದ ಮೇಲೆ. ಆಗ ಉಳಿದಿರುವವರು ನೀನು, ನಿನ್ನ ಸಮುದಾಯ ಆರೋಗ್ಯ ಅಧಿಕಾರಿ, ನಿನ್ನ ಆಶಾ ಕಾರ್ಯಕರ್ತೆಯರು, ಬಾಗಿಲು ತೆರೆದ ನಿನ್ನ ಪಿಎಚ್‌ಸಿ.

ಶಿಬಿರದಲ್ಲಿ ನೀನು ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಯಾರನ್ನೂ ಕೂರಿಸಿಕೊಂಡು 'ಅವತ್ತು ಏನಾಯಿತು, ಪೂರ್ತಿ ಹೇಳಿ, ಹೇಳಿದರೆ ಹಗುರಾಗುತ್ತೆ' ಅನ್ನಬೇಡ. ಎಲ್ಲರನ್ನೂ ಒಂದೇ ಸಲ ಕೂರಿಸಿ ಕಣ್ಣೀರು ಹಾಕಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಕೇಡೂ ಆಗಬಹುದು ಅಂತ ಗೊತ್ತಾಗಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆಂದಿದೆ. ಅದೇ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಸಾರ ಮೂರೇ ಮಾತು: ನೋಡು, ಕೇಳು, ಜೋಡಿಸು. ಯಾರಿಗೆ ಏನು ಬೇಕಾಗಿದೆ ನೋಡು. ಅವರಾಗಿ ಹೇಳಿದ್ದನ್ನು ಕೇಳು. ಕಳೆದುಹೋದ ಮಗನ ಸುದ್ದಿ ತಿಳಿಸುವವರ ಜೊತೆ, ಒಣ ಬಟ್ಟೆ ಕೊಡುವವರ ಜೊತೆ, ಊರಿನಲ್ಲಿರುವ ತಂಗಿಯ ಫೋನಿನ ಜೊತೆ ಅವರನ್ನು ಜೋಡಿಸು. ಎಂಬಿಬಿಎಸ್ ಓದಿದವಳಿಗೆ ಇದು ಕೆಲಸವೇ ಅಲ್ಲ ಅನಿಸೀತು. ಅನಿಸಲಿ, ಮಾಡು.

ಇನ್ನು ಯಾರೂ ನಿನಗೆ ಹೇಳದಿರುವ ಮಾತೊಂದಿದೆ. ಶಿಬಿರಕ್ಕೆ ಕಾಲಿಟ್ಟ ಮೊದಲ ದಿನವೇ ಹೊಸ ರೋಗಿಯನ್ನು ಹುಡುಕಬೇಡ, ಹಳೆಯ ರೋಗಿಯನ್ನು ಹುಡುಕು. ಗುಡ್ಡ ಕುಸಿಯುವ ಮೊದಲೇ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತಿನ್ನುತ್ತಿದ್ದ ಹುಡುಗ, ಫಿಟ್ಸ್‌ಗೆ ಫಿನೈಟಾಯಿನ್ ನುಂಗುತ್ತಿದ್ದ ಹೆಂಗಸು, ಲಿಥಿಯಂ ಮೇಲಿದ್ದ ಮೇಷ್ಟರು, ತಿಂಗಳಿಗೊಂದು ಇಂಜೆಕ್ಷನ್ನಿಗೆ ಬರುತ್ತಿದ್ದ ಲೈನ್‌ಮನೆಯ ಕೂಲಿಯವನು. ಇವರ ಮಾತ್ರೆ ಡಬ್ಬಿ ಮಣ್ಣಿನಡಿ ಹೋಗಿದೆ, ಒಪಿಡಿ ಚೀಟಿಯೂ ಹೋಗಿದೆ. ಮಾತ್ರೆಯ ಹೆಸರು ಅವರಿಗೆ ಗೊತ್ತಿರುವುದಿಲ್ಲ. 'ಬಿಳೀದು ಒಂದು, ಹಳದಿ ಅರ್ಧ' ಅಂತಾರೆ. ಫಿಟ್ಸ್ ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಎರವಾಗಬಹುದು. ಹಾಲ್‌ನಲ್ಲಿ ಒಬ್ಬಳು ಕೈಕಾಲು ಸೆಟೆದು ಬಿದ್ದರೆ ಸುತ್ತಲಿನವರು 'ಪಾಪ, ಶಾಕ್ ಆಗಿದೆ' ಅಂತ ಮುಖಕ್ಕೆ ನೀರು ಚಿಮುಕಿಸುತ್ತಾರೆ, ಪತ್ರಕರ್ತ ಫೋಟೊ ತೆಗೆಯುತ್ತಾನೆ. ನೀನು ಮಾತ್ರ ಕೇಳಬೇಕು: ಈಕೆಗೆ ಮೊದಲಿಂದ ಫಿಟ್ಸ್ ಇತ್ತಾ, ಮಾತ್ರೆ ನಿಂತು ಎಷ್ಟು ದಿನವಾಯಿತು? ಈ ಪ್ರಶ್ನೆಗೆ ಉತ್ತರ ಬಲ್ಲವರು ಬೆಂಗಳೂರಿನಿಂದ ಬಂದ ತಜ್ಞರಲ್ಲ, ಆ ಊರಿನ ಆಶಾ.

ಕುಡಿತದ್ದೂ ಹೀಗೇ. ದಿನಾ ಸಂಜೆ ಕುಡಿಯುತ್ತಿದ್ದವನಿಗೆ ಶಿಬಿರದಲ್ಲಿ ಒಮ್ಮೆಲೇ ಸಿಗದೆ ಹೋಗುತ್ತದೆ. ಎರಡನೇ ದಿನ ಕೈ ನಡುಗುತ್ತದೆ, ಬೆವರುತ್ತಾನೆ. ಮೂರನೇ ದಿನ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಅಂತಾನೆ, ರಾತ್ರಿ ಎದ್ದು ಓಡುತ್ತಾನೆ. ಹೆಂಡತಿಯನ್ನು ಕಳೆದುಕೊಂಡು ತಲೆ ಕೆಟ್ಟಿದೆ ಅಂತ ಜನ ಮರುಗುತ್ತಾರೆ. ಅದು ದುಃಖವಲ್ಲ, ಮದ್ಯ ಬಿಟ್ಟದ್ದರ ಸನ್ನಿ, ತುರ್ತು ಸ್ಥಿತಿ. ಇಲ್ಲಿ ಡಯಾಜೆಪಾಮ್ ಕೊಡಲೇಬೇಕು, ಥಯಾಮಿನ್ ಕೊಡಲೇಬೇಕು, ಜಿಲ್ಲಾಸ್ಪತ್ರೆಗೆ ಕಳಿಸುವ ದಾರಿ ತೆರೆದಿದ್ದರೆ ಕಳಿಸಬೇಕು. ಅದೇ ಡಯಾಜೆಪಾಮನ್ನು ಪಕ್ಕದ ಚಾಪೆಯಲ್ಲಿ ಮಗನಿಗಾಗಿ ಅಳುತ್ತಿರುವ ತಾಯಿಗೆ ಕೊಡಕೂಡದು. ಮೊದಲ ತಿಂಗಳಲ್ಲಿ ಅಳು, ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು ಸಹಜ. ಇದಕ್ಕೆಂದು ಇಂಥ ಮಾತ್ರೆ, ಖಿನ್ನತೆಯ ಮಾತ್ರೆ ಎರಡೂ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಹೇಳುತ್ತದೆ. 'ಡಾಕ್ಟ್ರೇ, ಒಂದು ನಿದ್ದೆ ಮಾತ್ರೆ ಬರೀರಿ' ಅಂತ ನೆಂಟರು ದುಂಬಾಲು ಬೀಳುತ್ತಾರೆ, ಆ ತಾಯಿಯ ಅಳು ನೋಡಲಾಗುವುದಿಲ್ಲ ಅವರಿಗೆ. ಬರೆದುಕೊಡುವುದು ಸುಲಭ, ಬಿಡಿಸುವುದು ಕಷ್ಟ. ಗಟ್ಟಿಯಾಗಿ ನಿಲ್ಲು.

ಎಲ್ಲರಿಗೂ ಕಾಯಿಲೆ ಬರುತ್ತದೆ ಅಂತ ಹೆದರಬೇಡ. ದೊಡ್ಡ ವಿಪತ್ತಿನ ನಂತರ ತೀವ್ರ ಮಾನಸಿಕ ಕಾಯಿಲೆ ನೂರಕ್ಕೆ 2–3 ಇದ್ದದ್ದು 3–4 ಆಗಬಹುದು, ಸೌಮ್ಯ ಮತ್ತು ಮಧ್ಯಮ ತೊಂದರೆಗಳು 10ರಿಂದ 15–20ಕ್ಕೆ ಏರಬಹುದು ಎಂದು ಅದೇ ಸಂಸ್ಥೆ ಅಂದಾಜು ಕೊಟ್ಟಿತ್ತು. ಹೆಚ್ಚಿನವರು ನೆರೆಹೊರೆ, ಕೆಲಸ, ದೇವರು, ಮಕ್ಕಳ ಶಾಲೆ ಇವುಗಳ ಆಸರೆಯಲ್ಲಿ ತಾವೇ ಚೇತರಿಸಿಕೊಳ್ಳುತ್ತಾರೆ. ಉಳಿದವರೂ ಕಡಿಮೆಯಲ್ಲ. ಒಂದು ಪಿಎಚ್‌ಸಿ ವ್ಯಾಪ್ತಿಯಲ್ಲಿ ಲೆಕ್ಕ ಹಾಕಿದರೆ ಇಡೀ ಜಿಲ್ಲೆಯ ಮನೋವೈದ್ಯರೂ ಸಾಲದಷ್ಟಾಗುತ್ತಾರೆ. ಅದಕ್ಕೇ ಈ ಕೆಲಸ ನಿನ್ನ ತಲೆಗೆ ಬರುವುದು.

ಇದು ನನ್ನ ಹೊಸ ಸಿದ್ಧಾಂತವಲ್ಲ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಸತ್ತವರಲ್ಲಿ ಬಹುಪಾಲು ಮಕ್ಕಳೇ. ಆ ತಂದೆತಾಯಂದಿರ ದುಃಖವನ್ನು ನಿಮ್ಹಾನ್ಸ್‌ನವರು ಹತ್ತಿರದಿಂದ ನೋಡಿ ಬರೆದರು. ನಮ್ಮ ದೇಶದಲ್ಲಿ ವಿಪತ್ತಿನ ನಂತರದ ಮನಸ್ಸನ್ನು ಅಧ್ಯಯನ ಮಾಡಿದ ಮೊದಮೊದಲ ಪ್ರಯತ್ನ ಅದು. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತ. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ನಿಮ್ಹಾನ್ಸ್ ಸಂಗಾತಿಗಳು 1985ರಲ್ಲಿ ಅಲ್ಲಿಯ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ತರಬೇತಿ ಕೊಟ್ಟರು, ಅವರಿಗೆಂದೇ ಕೈಪಿಡಿಯೊಂದನ್ನೂ ಬರೆದರು. ಕಣ್ಣುರಿ, ಏದುಸಿರು ಅಂತ ಬಂದವರಲ್ಲಿ ಭಯ, ಖಿನ್ನತೆಗಳನ್ನೂ ಗುರುತಿಸಲು ಕಲಿಸಿದರು. ಅದೇ 1985ರಲ್ಲಿ ನಮ್ಮ ಬಳ್ಳಾರಿಯಲ್ಲಿ ಪಿಎಚ್‌ಸಿ ವೈದ್ಯರು, ಆರೋಗ್ಯ ಕಾರ್ಯಕರ್ತರ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಶುರುವಾಯಿತು. ನಾಲ್ಕಾರು ಔಷಧಿ, ಒಂದು ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಬಂದು ನೋಡುವ ತಜ್ಞರು, ಇಷ್ಟರಲ್ಲೇ ನಡೆಯಿತು. 1996ರಲ್ಲಿ ಶುರುವಾಗಿ ಆಮೇಲೆ ದೇಶದಲ್ಲಿ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಆ ಬಳ್ಳಾರಿಯಲ್ಲಿದೆ. ನಾನಂತೂ ಇದನ್ನು ಹೊಸ ಡಾಕ್ಟರುಗಳಿಗೆ ಹೆಮ್ಮೆಯಿಂದಲೇ ಹೇಳುವುದು.

ವಿಪತ್ತು ಒಂದು ಅವಕಾಶವನ್ನೂ ತರುತ್ತದೆ ಅಂದರೆ ಕ್ರೂರವಾಗಿ ಕೇಳಿಸುತ್ತದೆ, ಆದರೆ ನಿಜ. 2004ರ ಸುನಾಮಿಗೆ ಮೊದಲು ಇಂಡೋನೇಷ್ಯಾದ 'ಆಚೆ' ಎಂಬ ಪ್ರಾಂತ್ಯಕ್ಕೆಲ್ಲ ಇದ್ದದ್ದು ಒಂದೇ ಮನೋರೋಗ ಆಸ್ಪತ್ರೆ. ಆಮೇಲೆ ಹರಿದುಬಂದ ನೆರವನ್ನು ಅವರು ಊರಿನ ಕ್ಲಿನಿಕ್ಕುಗಳ ದಾದಿಯರ ತರಬೇತಿಗೆ ಹಾಕಿದರು. ಶ್ರೀಲಂಕಾದಲ್ಲಿ 27 ಆರೋಗ್ಯ ಜಿಲ್ಲೆಗಳ ಪೈಕಿ 10ರಲ್ಲಿ ಇದ್ದ ಮಾನಸಿಕ ಆರೋಗ್ಯ ಸೇವೆ ಸುನಾಮಿಯ ನಂತರದ ವರ್ಷಗಳಲ್ಲಿ 20ಕ್ಕೆ ಹರಡಿತು. ಕ್ಯಾಮೆರಾಗಳು ನಿನ್ನ ಕಡೆ ತಿರುಗಿರುವಾಗಲೇ, ಡಿಸಿಯವರು ಮೀಟಿಂಗಿನಲ್ಲಿ 'ಇನ್ನೇನು ಬೇಕು ಡಾಕ್ಟರ್' ಅಂತ ಕೇಳುವಾಗಲೇ, ಮುಂದಿನ ಎರಡು ವರ್ಷಕ್ಕೆ ಬೇಕಾದ್ದನ್ನು ಕೇಳಿಬಿಡು. ಆರು ತಿಂಗಳಾದ ಮೇಲೆ ಅದೇ ಅರ್ಜಿ ಫೈಲಿನಲ್ಲಿ ಮಲಗಿರುತ್ತದೆ.

ಒಪಿಡಿಯ ಮಾತಿಗೆ ಬರುತ್ತೇನೆ. ದಯವಿಟ್ಟು ಬಾಗಿಲ ಮೇಲೆ 'ಮಾನಸಿಕ ರೋಗ ವಿಭಾಗ' ಅಂತ ಬೋರ್ಡ್ ಹಾಕಿಸಬೇಡ. ಚಿಕ್ಕ ಊರು, ಮಗಳ ಮದುವೆ ಮಾತುಕತೆ ನಡೆಯುತ್ತಿರುವ ತಾಯಿ ಆ ಬೋರ್ಡಿನ ಕೆಳಗೆ ಕೂರುವುದಿಲ್ಲ. ಬಿಪಿ, ಶುಗರ್‌ನವರ ಸಾಲಿನಲ್ಲೇ ಅವರೂ ಬರಲಿ. ಪಿಎಚ್‌ಸಿಯ ದೊಡ್ಡ ಗುಣವೇ ಅದು, ಒಳಗೆ ಹೋದವರು ಯಾವುದಕ್ಕೆ ಹೋದರು ಅಂತ ಹೊರಗಿನವರಿಗೆ ತಿಳಿಯದು. ತಲೆ ಭಾರ, ಎದೆ ಡವಡವ, ಮೈಕೈ ಸೆಳೆತ, ಗ್ಯಾಸು, ಸುಸ್ತು ಅಂತ ಮೂರನೇ ಸಲ ಬಂದವರ ಬಳಿ ಸ್ಟೆತಾಸ್ಕೋಪ್ ಇಟ್ಟು ಪರೀಕ್ಷೆ ಮಾಡು, ಮಾಡಿದ ಮೇಲೆ ಕೇಳು: ರಾತ್ರಿ ನಿದ್ದೆ ಹೇಗಿದೆ? ಮಳೆ ಜೋರಾದರೆ ಏನಾಗುತ್ತೆ? ಕೊಡಗಿನಲ್ಲಿ ಎರಡನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಕಕ್ಕಡ ತಿಂಗಳ ಮಳೆಯನ್ನು ಹಬ್ಬದಂತೆ ಕಂಡ ಜನ ಅವರು. ಅವರಲ್ಲಿ ಕೆಲವರು ಈಗ ಮಳೆ ಹಿಡಿದ ರಾತ್ರಿ ಬಟ್ಟೆ ಗಂಟು ಕಟ್ಟಿಟ್ಟುಕೊಂಡು ಕೂರುತ್ತಾರೆ. ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ, ಅಮ್ಮನ ಸೆರಗು ಬಿಡುವುದಿಲ್ಲ. ಮಕ್ಕಳಿಗೆ ಔಷಧಿ ಬೇಡ, ಶಾಲೆ ಬೇಗ ತೆರೆಯಲಿ, ಆಟ ಇರಲಿ, ಬೈಯದಿರಲಿ ಸಾಕು. ದೊಡ್ಡವರಿಗೂ, ಗುಡ್ಡದ ಬುಡದಲ್ಲೇ ಇನ್ನೂ ಇರುವವರಿಗೆ, 'ಭಯಪಡಬೇಡಿ' ಅನ್ನಬೇಡ. ಅವರ ಭಯದಲ್ಲಿ ಅರ್ಥವಿದೆ. ಮಳೆ ಎಷ್ಟಾದರೆ ಮನೆ ಬಿಡಬೇಕು, ಎಲ್ಲಿಗೆ ಹೋಗಬೇಕು ಅಂತ ಪಂಚಾಯ್ತಿಯವರಿಂದ ಅವರಿಗೆ ಹೇಳಿಸು. ಆ ರಾತ್ರಿ ಅವರು ಸ್ವಲ್ಪ ಮಲಗುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ನಿನ್ನ ಮೈಸೂರು ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ದುಃಖ ಬಂದಾಗ ಮನುಷ್ಯ ಮನೆಮಾತಿಗೆ ಹೋಗುತ್ತಾನೆ. ಅಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ತುಳು, ಮಲಯಾಳ, ತಮಿಳು, ಎರವರ ಮಾತು ಇವೆ. ತೋಟಗಳಿಗೆ ಅಸ್ಸಾಮಿನಿಂದ ಬಂದವರಿದ್ದಾರೆ. ನಿನ್ನ ಸ್ಟಾಫಿನಲ್ಲಿ ಯಾರಿಗೆ ಯಾವುದು ಬರುತ್ತದೆ ಅಂತ ತಿಳಿದಿಟ್ಟುಕೋ. ರೋಗಿಯ ಗಂಡನನ್ನೋ ಅತ್ತೆಯನ್ನೋ ದುಭಾಷಿ ಮಾಡಿಕೊಳ್ಳಬೇಡ.

ಹೆಣ ಸಿಗದವರ ಮನೆಯವರು ಬರುತ್ತಾರೆ. ಇವರ ಬಳಿ ತುಂಬ ಎಚ್ಚರ ಬೇಕು. 'ಒಪ್ಪಿಕೊಳ್ಳಿ, ಮುಂದೆ ಸಾಗಿ' ಅನ್ನುವ ಹಕ್ಕು ನಮಗಿಲ್ಲ. ವಯನಾಡಿನಲ್ಲಿ ಗುರುತು ಸಿಗದ ದೇಹಗಳನ್ನು, ದೇಹದ ಭಾಗಗಳನ್ನು ಪುತ್ತುಮಲದಲ್ಲಿ ಸಂಖ್ಯೆ ಬರೆದು ಹೂಳಿದರು. ಎಷ್ಟೋ ಮನೆಯವರು ಡಿಎನ್‌ಎ ಫಲಿತಾಂಶ ಬಂದ ಮೇಲೆ ಆ ಸಂಖ್ಯೆಯ ಹತ್ತಿರ ಹೋಗಿ ನಿಂತರು. ಹೆಣವಿಲ್ಲದೆ ತಿಥಿ ಮಾಡುವುದೋ ಬೇಡವೋ ಎಂಬುದು ಅವರವರ ಹಿರಿಯರು, ಪುರೋಹಿತರು, ಮೌಲ್ವಿ, ಪಾದ್ರಿಗಳ ಜೊತೆ ಕೂತು ತೀರ್ಮಾನಿಸುವ ವಿಷಯ. ನೀನು ಅದಕ್ಕೆ ಜಾಗ ಬಿಡು. ನಿನ್ನಿಂದ ಆಗುವ ಸಹಾಯ ಬೇರೆ. ಮರಣಪತ್ರ ಇಲ್ಲದಿದ್ದರೆ ಪರಿಹಾರ ಇಲ್ಲ, ವಿಧವಾ ವೇತನ ಇಲ್ಲ, ಜಮೀನಿನ ಆರ್‌ಟಿಸಿಯಲ್ಲಿ ಹೆಸರು ಬದಲಾಗುವುದಿಲ್ಲ. ಆ ಕಾಗದಕ್ಕೆ ತಹಶೀಲ್ದಾರರಿಗೆ ನೀನೊಂದು ಫೋನ್ ಮಾಡಿದರೆ ಅದೂ ಚಿಕಿತ್ಸೆಯೇ. ವರ್ಷ ಕಳೆದ ಮೇಲೆ ಜನರನ್ನು ಹಣ್ಣು ಮಾಡುವುದು ಗುಡ್ಡವಲ್ಲ, ಕಚೇರಿ ಅಲೆದಾಟ. ಅಲ್ಲಿ ಸೋತು ಬಂದವನಿಗೆ ನೀನು ಬರೀ ಫ್ಲುವೊಕ್ಸೆಟಿನ್ ಕೊಟ್ಟರೆ ಅವನು ಮನಸ್ಸಿನಲ್ಲೇ ನಗುತ್ತಾನೆ.

ಆದರೆ ಕೊಡಬೇಕಾದವರಿಗೆ ಕೊಡು, ಹಿಂಜರಿಯಬೇಡ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು, ತೋಟಕ್ಕೆ ಹೋಗಲಾಗದು, ತಾನಿದ್ದು ಪ್ರಯೋಜನವಿಲ್ಲ ಅಂದರೆ ಅದು ಖಿನ್ನತೆ ಇರಬಹುದು. ಹೊಸ ಸಾವಿನ ಶೋಕವೋ ಅಲ್ಲವೋ ಅಂತ ಬೇರ್ಪಡಿಸಿ ನೋಡು. ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಬೇಕು, ಗುಣ ಕಂಡ ಮೇಲೂ 9ರಿಂದ 12 ತಿಂಗಳು ಮುಂದುವರಿಸಬೇಕು ಅಂತ ಮನೆಯವರನ್ನೂ ಕೂರಿಸಿ ಹೇಳು. ಇಲ್ಲವಾದರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳು. ಕೇಳಿದರೆ ಅಂಥ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹೆಚ್ಚಿನವರಿಗೆ ಯಾರೋ ಕೇಳಿದರಲ್ಲ ಅಂತ ಸಮಾಧಾನವಾಗುತ್ತದೆ. 'ಹೌದು' ಅಂದರೆ ಆ ಮನೆಯಲ್ಲಿ ಏನೇನಿದೆ ಅಂತ ವಿಚಾರಿಸು. ಕಾಫಿ ತೋಟದ ಮನೆ, ಕೀಟನಾಶಕದ ಡಬ್ಬಿ ಇರುತ್ತದೆ. ಕೊಡಗಿನಲ್ಲಿ ಇನ್ನೊಂದೂ ಇರುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿ ಅದು, ಮನೆತನದ ಮಾನ. ಹೊರಗಿನಿಂದ ಬಂದ ಹುಡುಗಿ ಅದನ್ನು ಆಕ್ಷೇಪಿಸಿದಂತೆ ಆಗಬಾರದು. ಮನೆಯ ಹಿರಿಯರನ್ನು ಬದಿಗೆ ಕರೆದು, 'ಸ್ವಲ್ಪ ದಿನ ಕೋವಿ ದೊಡ್ಡಪ್ಪನ ಮನೆಯಲ್ಲಿರಲಿ, ತೋಟಾ ಬೇರೆ ಕಡೆ ಬೀಗದಲ್ಲಿರಲಿ' ಅಂತ ಕೇಳಿಕೋ. ಮರ್ಯಾದೆಯಿಂದ ಕೇಳಿದರೆ ಮಾಡುತ್ತಾರೆ. ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯನ್ನು ಇಂಥವರಿಗೆ ತಿಂಗಳಿಡೀ ಆಗುವಷ್ಟು ಕೈಗೆ ಕೊಡಬೇಡ, ವಾರದ್ದು ಮಾತ್ರ ಕೊಡು, ಅದೂ ಮನೆಯವರ ಕೈಗೆ.

ನೀನು ಇನ್ನೂ ಯೋಚಿಸಿರದ ತೊಡಕೊಂದಿದೆ, ಸರಹದ್ದು. ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಕಾಲೊನಿಗಳು ಎದ್ದವು. ಒಳ್ಳೆಯ ಮನೆಗಳೇ. ಆದರೆ ಹೀಗೆ ಮನೆ ಬದಲಾದಾಗ ಎಷ್ಟೋ ಸಲ ಪಿಎಚ್‌ಸಿ ಬದಲಾಗುತ್ತದೆ, ಆಶಾ ಬದಲಾಗುತ್ತಾಳೆ, ಅಕ್ಕಪಕ್ಕದವರೂ ಬದಲಾಗುತ್ತಾರೆ. ಹಳೆಯ ಆಶಾಗೆ ಆ ರೋಗಿ 'ನಮ್ಮ ಏರಿಯಾದವನಲ್ಲ', ಹೊಸಬಳಿಗೆ ಅವನ ಗುರುತೇ ಇಲ್ಲ. ಮಾಸಿಕ ಇಂಜೆಕ್ಷನ್ನಿನವನು ಈ ಎರಡರ ನಡುವೆ ಬಿದ್ದು ಕಳೆದುಹೋಗುತ್ತಾನೆ. ಮತ್ತೆ ಕಾಣಿಸುವುದು ಬಸ್‌ಸ್ಟ್ಯಾಂಡಿನಲ್ಲಿ ಬರಿಮೈಯಲ್ಲಿ ಕೂಗಾಡುವಾಗ. ಜನ ಸ್ಥಳಾಂತರವಾಗುವ ಪಟ್ಟಿ ಕಂದಾಯ ಇಲಾಖೆಯಲ್ಲಿರುತ್ತದೆ, ರೋಗಿಗಳ ಪಟ್ಟಿ ನಿನ್ನ ರಿಜಿಸ್ಟರಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಯಾರೂ ಇರುವುದಿಲ್ಲ. ನೀನು ನೋಡು. ಹೋಗುತ್ತಿರುವವರ ಚೀಟಿಯಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಮುಂದಿನ ತಾರೀಕು ಕನ್ನಡದಲ್ಲೂ ಬರೆದುಕೊಡು. ಹೊಸ ಪಿಎಚ್‌ಸಿಯ ಡಾಕ್ಟರಿಗೆ ಫೋನ್ ಹಚ್ಚು. ಎರಡು ಆಶಾಗಳನ್ನು ಒಂದು ಸಲ ಆ ಮನೆಯಲ್ಲೇ ಭೇಟಿ ಮಾಡಿಸು. ವಿಪತ್ತಿನ ನಂತರದ ಮಾನಸಿಕ ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಮುಖ್ಯ ಅನಿಸಿದ್ದು ಈ ಗುಮಾಸ್ತೆಯ ಕೆಲಸ. ಇದರ ಬಗ್ಗೆ ಯಾರೂ ಸಮ್ಮೇಳನ ಮಾಡುವುದಿಲ್ಲ.

ನಿನ್ನ ಆಶಾಗಳದ್ದೂ ಮನೆ ಹೋಗಿರಬಹುದು ಅನ್ನುವುದು ನೆನಪಿರಲಿ. ಊರೆಲ್ಲ ಅವರಿಗೆ ದುಃಖ ಹೇಳಿಕೊಳ್ಳುತ್ತದೆ, ಅವರು ಯಾರಿಗೆ ಹೇಳಬೇಕು? ತಿಂಗಳ ಸಭೆಯಲ್ಲಿ ಲಸಿಕೆ ಲೆಕ್ಕ ಮುಗಿದ ಮೇಲೆ ಟೀ ತರಿಸಿ ಅರ್ಧ ಗಂಟೆ ಸುಮ್ಮನೆ ಕೂರು, ಆಗ ಹೇಳುತ್ತಾರೆ. ಗೌರವಧನ ತಡವಾಗಿದ್ದರೆ ಅದಕ್ಕೂ ಓಡಾಡು. ನಿನಗೂ ನಿದ್ದೆ ಕೆಟ್ಟರೆ, ಸಣ್ಣಪುಟ್ಟದಕ್ಕೆ ಸಿಡುಕಿದರೆ ರಜೆ ಹಾಕಿ ಎರಡು ದಿನ ಮನೆಗೆ ಬಾ. ತಾಲ್ಲೂಕು ಆರೋಗ್ಯಾಧಿಕಾರಿ ಗೊಣಗಿದರೆ ಗೊಣಗಲಿ.

ಈಗ, ಮಳೆಗೆ ಮುಂಚೆ ಮಾಡುವುದಿಷ್ಟು. ಔಷಧಿ ಇಂಡೆಂಟನ್ನು ಮೇ ತಿಂಗಳಲ್ಲೇ ಹಾಕು: ಫಿಟ್ಸ್ ಮಾತ್ರೆ, ರಿಸ್ಪೆರಿಡೋನ್, ಮಾಸಿಕ ಇಂಜೆಕ್ಷನ್, ಥಯಾಮಿನ್. ರಸ್ತೆ ಕಡಿದರೂ ಎರಡು ತಿಂಗಳು ನಡೆಯುವಷ್ಟು ಇರಲಿ. ಫಾರ್ಮಸಿಸ್ಟ್ 'ಎಕ್ಸ್‌ಪೈರಿ ಆಗುತ್ತೆ ಮೇಡಂ' ಅಂದರೆ ಆಗಲಿ ಅನ್ನು. ಒಬ್ಬೊಬ್ಬ ಆಶಾಳ ಹತ್ತಿರವೂ ಅವಳ ಏರಿಯಾದ ಹಳೆಯ ರೋಗಿಗಳ ಹೆಸರು, ಮಾತ್ರೆ ಬರೆದ ಒಂದು ಹಾಳೆ ಪ್ಲಾಸ್ಟಿಕ್ ಕವರಿನಲ್ಲಿರಲಿ. ಅದನ್ನು ಅವಳು ಬೀದಿಯಲ್ಲಿ ಹೇಳಿಕೊಂಡು ತಿರುಗಬಾರದು ಅಂತಲೂ ತಿಳಿಸು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಗೋಡೆಗೆ ಹಚ್ಚು, ಹಗಲುರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಆದರೆ ಅದನ್ನೇ ನೆಚ್ಚಬೇಡ, ಗುಡ್ಡ ಜಾರಿದಾಗ ಮೊದಲು ಸಾಯುವುದು ಮೊಬೈಲ್ ಟವರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮೊದಲ ವಾರವೇ ಹೋಗಿ ಅವರ ಪರಿಚಯ ಮಾಡಿಕೋ, ಕಷ್ಟದ ಕೇಸುಗಳನ್ನು ಒಯ್ದು ಪಕ್ಕದಲ್ಲಿ ಕೂತು ನೋಡು. ಅವರಿಗೆ ಫೋನ್ ಸಿಗದಿದ್ದರೆ ನನಗೆ ಮಾಡು. ರಾತ್ರಿ ಹತ್ತರವರೆಗೆ ನಾನು ಎದ್ದಿರುತ್ತೇನೆ, ಆಮೇಲಾದರೆ ಎರಡು ಸಲ ರಿಂಗ್ ಮಾಡಬೇಕು.